ಸ್ನಾಯುಗಳನ್ನು ಉರು ಹೊಡೆಯುವ ಮೊದಲು ಎಲ್ಲಿಂದ ಎಲ್ಲಿಗೆ ಅಂತ ನೋಡಿ

ಅನಾಟಮಿ, ಅಂದರೆ ದೇಹರಚನೆ ಓದಲು ಶುರು ಮಾಡಿದವರು ಸಾಮಾನ್ಯವಾಗಿ ಮೊದಲು ಹೆದರುವುದು ಸ್ನಾಯುಗಳ ಪಟ್ಟಿಗೆ. ಮೂಳೆಗಳಾದರೆ ದೊಡ್ಡವರ ದೇಹದಲ್ಲಿ 206. ಕೈಯಲ್ಲಿ ಹಿಡಿದು, ತಿರುಗಿಸಿ ನೋಡಬಹುದು. ಸ್ನಾಯುಗಳು ಹಾಗಲ್ಲ. 600ಕ್ಕೂ ಜಾಸ್ತಿ ಇವೆ, ಒಂದರ ಮೇಲೊಂದು ಹಾಸಿಕೊಂಡಿವೆ, ಹೆಸರುಗಳು ಬಾಯಿಗೆ ಸಿಗುವುದಿಲ್ಲ. ಸಾಲದ್ದಕ್ಕೆ ಒಂದೊಂದಕ್ಕೂ ನಾಲ್ಕು ಪ್ರಶ್ನೆ. ಒರಿಜಿನ್ (ಹೊರಡುವ ಜಾಗ) ಎಲ್ಲಿ, ಇನ್ಸರ್ಷನ್ (ಹೋಗಿ ಸೇರುವ ಜಾಗ) ಎಲ್ಲಿ, ನರ ಯಾವುದು, ಕೆಲಸ ಏನು?

ಹೆಚ್ಚಿನವರು ಇದನ್ನು ನಾಲ್ಕು ಕಾಲಮ್ಮಿನ ಟೇಬಲ್ ಮಾಡಿಕೊಂಡು ಬಾಯಿಪಾಠಕ್ಕೆ ಕೂರುತ್ತಾರೆ. ರಾತ್ರಿ ಎಲ್ಲಾ ಬಂದ ಹಾಗೆ ಅನಿಸುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಮುಂಗೈ ಸ್ನಾಯುಗಳೆಲ್ಲ ಒಂದಕ್ಕೊಂದು ಕಲಸಿಹೋಗಿರುತ್ತವೆ. ತಪ್ಪು ವಿದ್ಯಾರ್ಥಿಯ ನೆನಪಿನ ಶಕ್ತಿಯದ್ದಲ್ಲ. ಆ ಟೇಬಲ್ಲಿನಲ್ಲಿ ನಾಲ್ಕು ಕಾಲಮ್ಮುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕೂತಿರುತ್ತವೆ. ನಿಜವಾಗಿ ನೋಡಿದರೆ ಒಂದರಿಂದ ಇನ್ನೊಂದು ಹುಟ್ಟುತ್ತದೆ. ಎಲ್ಲಿಂದ ಎಲ್ಲಿಗೆ ಅಂತ ಸರಿಯಾಗಿ ಗೊತ್ತಿದ್ದರೆ ಕೆಲಸವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಯಾವ ಗುಂಪಿನದು ಅಂತ ಗೊತ್ತಿದ್ದರೆ ನರವೂ ಬಹುಪಾಲು ತಾನಾಗಿಯೇ ಸಿಗುತ್ತದೆ.

ಇನ್ನೊಂದು ಸಮಾಧಾನದ ಮಾತು. ಬಹುಪಾಲು ಸ್ನಾಯುಗಳು ಎಡಕ್ಕೊಂದು ಬಲಕ್ಕೊಂದು ಇರುವ ಜೋಡಿಗಳು. ಅಲ್ಲಿಗೆ ಕಲಿಯಬೇಕಾದ ಹೆಸರುಗಳು ಅರ್ಧಕ್ಕೆ ಇಳಿದವು.

ಸ್ನಾಯು ಎಳೆಯುತ್ತದೆ, ಅಷ್ಟೇ

ಮೂಲ ನಿಯಮ ಇರುವುದು ಒಂದೇ. ಸ್ನಾಯು ಹಗ್ಗದ ಹಾಗೆ. ಎಳೆಯಬಲ್ಲದು, ತಳ್ಳಲಾರದು. ಎರಡು ಮೂಳೆಗಳ ನಡುವೆ ಕೀಲನ್ನು ದಾಟಿ ಹೋಗಿರುತ್ತದೆ. ಕುಗ್ಗಿದಾಗ ಎರಡೂ ತುದಿಗಳನ್ನು ಹತ್ತಿರಕ್ಕೆ ತರಲು ನೋಡುತ್ತದೆ. ಕೀಲಿನ ಯಾವ ಬದಿಯಿಂದ ದಾಟಿದೆಯೋ ಆ ಬದಿಗೆ ಕೀಲು ಬಾಗುತ್ತದೆ. ಮೊಣಕೈಯ ಮುಂದಿನಿಂದ ದಾಟಿದರೆ ಕೈ ಮಡಚುತ್ತದೆ, ಹಿಂದಿನಿಂದ ದಾಟಿದರೆ ನೇರವಾಗುತ್ತದೆ. ಮಂಡಿಯಲ್ಲಿ ಇದು ತಿರುವುಮುರುವು, ಏಕೆಂದರೆ ಮಂಡಿ ಹಿಂದಕ್ಕೆ ಮಡಚುವ ಕೀಲು.

ಇದನ್ನು ಬೈಸೆಪ್ಸ್ ಮೇಲೆ ಪರೀಕ್ಷೆ ಮಾಡಿ ನೋಡೋಣ. ಎಲ್ಲರಿಗೂ ಗೊತ್ತಿರುವ ಸ್ನಾಯು, ಆದರೆ ಅದರ ಕೆಲಸ ಪೂರ್ತಿ ಗೊತ್ತಿರುವವರು ಕಡಿಮೆ. ಇದಕ್ಕೆ ಮೇಲೆ ಎರಡು ತಲೆಗಳು. ಎರಡೂ ಹೆಗಲಮೂಳೆಯಿಂದಲೇ ಶುರು. ಚಿಕ್ಕ ತಲೆ ಕೊರಕಾಯ್ಡ್ ಅನ್ನುವ ಕೊಕ್ಕಿನಿಂದ, ಉದ್ದದ ತಲೆ ಭುಜದ ಗುಳಿಯ ಮೇಲಂಚಿನಿಂದ. ಕೆಳಗೆ ಹೋಗಿ ಸೇರುವುದು ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆ ಇರುವ ರೇಡಿಯಸ್‌ಗೆ. ಈ ರೇಡಿಯಸ್ ಇದೆಯಲ್ಲ, ಅದು ತಿರುಗುವ ಮೂಳೆ. ಅಂಗೈಯನ್ನು ಕೆಳಮುಖ ಮಾಡಿದಾಗ ಬೈಸೆಪ್ಸ್ ಹಿಡಿದುಕೊಂಡಿರುವ ಉಬ್ಬು ಹಿಂದಕ್ಕೆ ಹೊರಳಿ, ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಗಟ್ಟಿ ಹುರಿ) ಮೂಳೆಗೆ ಸುತ್ತಿಕೊಳ್ಳುತ್ತದೆ. ಆಗ ಸ್ನಾಯು ಎಳೆದರೆ ಸುತ್ತು ಬಿಚ್ಚಿಕೊಳ್ಳಲೇಬೇಕು. ಅಂದರೆ ಅಂಗೈ ಮೇಲ್ಮುಖವಾಗಬೇಕು.

ಈಗ ನಿಮ್ಮ ಬಲಗೈಯನ್ನು ಮೊಣಕೈಯಲ್ಲಿ 90 ಡಿಗ್ರಿ ಮಡಚಿ. ಎಡಗೈ ಬೆರಳುಗಳನ್ನು ಬೈಸೆಪ್ಸ್ ಮೇಲೆ ಇಡಿ. ಮೊಣಕೈ ಅಲುಗಾಡಿಸದೆ ಬರೀ ಅಂಗೈಯನ್ನು ಕೆಳಗೆ, ಮೇಲೆ ಅಂತ ಜೋರಾಗಿ ತಿರುಗಿಸಿ. ಮೇಲ್ಮುಖವಾಗುವಾಗಲೆಲ್ಲ ಬೈಸೆಪ್ಸ್ ಉಬ್ಬಿ ಗಟ್ಟಿಯಾಗುತ್ತದೆ. ಬಲಗೈಯವರು ಸ್ಕ್ರೂ ಬಿಗಿಮಾಡುವಾಗ ದುಡಿಯುವುದು ಇದೇ.

ಅದರ ಕೆಳಗೇ ಬ್ರೇಕಿಯಾಲಿಸ್ ಅಂತ ಇನ್ನೊಂದು ಇದೆ. ಅದು ತೋಳಿನ ಮೂಳೆಯ ಮುಂಭಾಗದಿಂದ ಹೊರಟು ಕಿರುಬೆರಳಿನ ಕಡೆಯ ಅಲ್ನಾ ಮೂಳೆಗೆ ಸೇರುತ್ತದೆ. ಅಲ್ನಾ ಮಡಚುತ್ತದೆಯೇ ಹೊರತು ರೇಡಿಯಸ್ ಹಾಗೆ ತಿರುಗುವುದಿಲ್ಲ. ಹಾಗಾಗಿ ಬ್ರೇಕಿಯಾಲಿಸ್‌ಗೆ ಒಂದೇ ಕೆಲಸ, ಮೊಣಕೈ ಮಡಚುವುದು. ಅಂಗೈ ಯಾವ ಕಡೆ ಇದ್ದರೂ ಅದರ ಎಳೆತ ಅಷ್ಟೇ ಇರುತ್ತದೆ. ಮೊಣಕೈ ಮಡಚುವ ಮುಖ್ಯ ಸ್ನಾಯು ಅಂತ ಕೇಳಿದರೆ ಉತ್ತರ ಬೈಸೆಪ್ಸ್ ಅಲ್ಲ, ಬ್ರೇಕಿಯಾಲಿಸ್. ಎರಡು ಸ್ನಾಯು, ಅಕ್ಕಪಕ್ಕದಲ್ಲೇ ವಾಸ. ಸೇರುವ ಮೂಳೆ ಬೇರೆಯಾದ್ದರಿಂದ ಕೆಲಸ ಬೇರೆಯಾಯಿತು. ಇಷ್ಟು ತಿಳಿದ ಮೇಲೆ ಟೇಬಲ್ಲಿನ ಕೊನೆಯ ಕಾಲಮ್ ಯಾಕೆ ಬೇಕು?

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಕೈಯಲ್ಲಿ ಭಾರದ ವಸ್ತು ಹಿಡಿದು ಮೊಣಕೈಯನ್ನು ನಿಧಾನವಾಗಿ ಬಿಚ್ಚುತ್ತಾ ಕೆಳಗಿಳಿಸಿ. ಮೊಣಕೈ ನೇರವಾಗುತ್ತಿದೆ, ಆದ್ದರಿಂದ ಹಿಂದಿನ ಟ್ರೈಸೆಪ್ಸ್ ಕೆಲಸ ಮಾಡುತ್ತಿದೆ ಅಂತ ತುಂಬಾ ಜನ ಬರೆಯುತ್ತಾರೆ. ಮುಟ್ಟಿ ನೋಡಿ. ಗಟ್ಟಿಯಾಗಿರುವುದು ಮುಂದಿನ ಸ್ನಾಯುಗಳೇ. ಕೈಯನ್ನು ಇಳಿಸುತ್ತಿರುವುದು ಭಾರ. ಅದು ಧೊಪ್ಪನೆ ಬೀಳದ ಹಾಗೆ ತಡೆದು ಬಿಡುತ್ತಿರುವುದು ಬೈಸೆಪ್ಸ್ ಮತ್ತು ಬ್ರೇಕಿಯಾಲಿಸ್. ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿದಿರುವ ಈ ಸ್ಥಿತಿಯನ್ನು ಎಕ್ಸೆಂಟ್ರಿಕ್ ಅನ್ನುತ್ತಾರೆ. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ದುಡಿಯುವುದೂ ಹೀಗೆಯೇ. ಯಾವ ಸ್ನಾಯು ಕೆಲಸ ಮಾಡುತ್ತಿದೆ ಅಂತ ಕೇಳಿದಾಗ ಕೀಲು ಯಾವ ಕಡೆ ಹೋಗುತ್ತಿದೆ ಅಂತ ಮಾತ್ರ ನೋಡಿದರೆ ಸಾಲದು. ಅದನ್ನು ಒಯ್ಯುತ್ತಿರುವುದು ಯಾರು ಅಂತಲೂ ಕೇಳಿಕೊಳ್ಳಬೇಕು.

ಮೂಳೆ ಬಿಟ್ಟು ಸ್ನಾಯು ಇಲ್ಲ

ಇದರಿಂದ ಓದಿನ ಕ್ರಮವೂ ತೀರ್ಮಾನವಾಗುತ್ತದೆ. ಮೊದಲು ಮೂಳೆ, ಆಮೇಲೆ ಸ್ನಾಯು. ಮೂಳೆಯ ಮೇಲಿನ ಉಬ್ಬು, ಗೀರು, ತಗ್ಗುಗಳ ಹೆಸರುಗಳನ್ನು ಓದುವಾಗ ಬೇಸರ ಬರುತ್ತದೆ, ನಿಜ. ಆದರೆ ಅವುಗಳಲ್ಲಿ ಬಹಳಷ್ಟು ಯಾವುದೋ ಸ್ನಾಯು ಹಿಡಿದುಕೊಳ್ಳುವ ಜಾಗಗಳೇ. ಕಿವಿಯ ಹಿಂದೆ ಕೈಗೆ ಸಿಗುವ ಗಟ್ಟಿ ಉಬ್ಬು ಮ್ಯಾಸ್ಟಾಯ್ಡ್. ಎದೆಮೂಳೆ ಮತ್ತು ಕಾಲರ್ ಮೂಳೆಯಿಂದ ಹೊರಟ ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್ ಅಲ್ಲಿಗೆ ಬಂದು ಸೇರುತ್ತದೆ. ಹೆಸರಿನಲ್ಲೇ ಮೂರೂ ಜಾಗ ಇವೆ. ಈಗ ಲೆಕ್ಕ ಹಾಕಿ. ಬಲಗಡೆಯ ಸ್ನಾಯು ಬಲಕಿವಿಯ ಹಿಂದಿನ ಉಬ್ಬನ್ನು ಮುಂದಕ್ಕೆ, ಎದೆಯ ಕಡೆಗೆ ಎಳೆದರೆ ಮುಖ ಯಾವ ಕಡೆ ತಿರುಗಬೇಕು? ಎಡಕ್ಕೆ. ಕನ್ನಡಿ ಮುಂದೆ ನಿಂತು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಕತ್ತಿನ ಬಲಭಾಗದಲ್ಲಿ ಆ ಸ್ನಾಯು ಎದ್ದು ನಿಲ್ಲುತ್ತದೆ. ಇದನ್ನು ಒಮ್ಮೆ ಕಂಡವರು ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಎಡ-ಬಲ ತಪ್ಪುವುದು ಕಷ್ಟ.

ಮೂಳೆಯ ಮಾದರಿ ಸಿಕ್ಕರೆ ದಾರ ಮತ್ತು ಟೇಪ್ ತೆಗೆದುಕೊಳ್ಳಿ. ಒರಿಜಿನ್ನಿಂದ ಇನ್ಸರ್ಷನ್ನಿಗೆ ದಾರ ಅಂಟಿಸಿ, ಎಳೆದು ನೋಡಿ. ಅರ್ಧ ಗಂಟೆಯಲ್ಲಿ ಭುಜದ ಸ್ನಾಯುಗಳ ಬಗ್ಗೆ ಸಿಗುವ ತಿಳಿವಳಿಕೆ ಹತ್ತು ಸಲ ಪುಟ ತಿರುವಿದರೂ ಸಿಗುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹೆಸರುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಂಗೈಯ ಉದ್ದುದ್ದ ಹೆಸರುಗಳು ಭಯ ಹುಟ್ಟಿಸಿದರೂ ಅವು ವಿಳಾಸಗಳು, ಅಷ್ಟೇ. ಫ್ಲೆಕ್ಸರ್ ಮಡಚುವುದು, ಎಕ್ಸ್‌ಟೆನ್ಸರ್ ನೇರ ಮಾಡುವುದು. ಕಾರ್ಪೈ ಅಂದರೆ ಮಣಿಕಟ್ಟು, ಡಿಜಿಟೋರಮ್ ಅಂದರೆ ಬೆರಳುಗಳು, ಪಾಲಿಸಿಸ್ ಅಂದರೆ ಹೆಬ್ಬೆರಳು. ಲಾಂಗಸ್ ಉದ್ದ, ಬ್ರೆವಿಸ್ ಗಿಡ್ಡ. ಇಷ್ಟು ಗೊತ್ತಿದ್ದರೆ ಎಕ್ಸ್‌ಟೆನ್ಸರ್ ಕಾರ್ಪೈ ರೇಡಿಯಾಲಿಸ್ ಲಾಂಗಸ್ ಎಲ್ಲಿದೆ, ಏನು ಮಾಡುತ್ತದೆ ಅಂತ ಪುಸ್ತಕ ತೆರೆಯದೆ ಹೇಳಬಹುದು.

ಒಂದೊಂದಾಗಿ ಅಲ್ಲ, ಗುಂಪು ಗುಂಪಾಗಿ

ನನ್ನ ಪ್ರಕಾರ ಓದುವವರ ಸಮಯ ಎಲ್ಲಕ್ಕಿಂತ ಜಾಸ್ತಿ ಉಳಿಯುವುದು ಇಲ್ಲಿ. ಕೈಕಾಲುಗಳ ಸ್ನಾಯುಗಳು ಸುಮ್ನೆ ಹರಡಿಕೊಂಡಿಲ್ಲ. ಗಟ್ಟಿ ಪೊರೆಗಳು ಅವನ್ನು ಕೋಣೆಗಳಾಗಿ ಬೇರ್ಪಡಿಸಿವೆ. ಇವಕ್ಕೆ ಕಂಪಾರ್ಟ್‌ಮೆಂಟ್ ಅಂತ ಹೆಸರು. ಒಂದು ಕೋಣೆಯ ಸ್ನಾಯುಗಳು ಸಾಮಾನ್ಯವಾಗಿ ಒಂದೇ ಬಗೆಯ ಕೆಲಸ ಮಾಡುತ್ತವೆ, ಒಂದೇ ನರದಿಂದ ಆಜ್ಞೆ ಪಡೆಯುತ್ತವೆ. ಹಾಗಿದ್ದ ಮೇಲೆ ನರವನ್ನು ಸ್ನಾಯುವಿಗೊಂದರಂತೆ ನೆನಪಿಡುವುದು ಯಾಕೆ, ಕೋಣೆಗೊಂದರಂತೆ ನೆನಪಿಟ್ಟರಾಯಿತು.

ತೋಳಿನ ಮುಂಭಾಗದಲ್ಲಿ ಬೈಸೆಪ್ಸ್, ಬ್ರೇಕಿಯಾಲಿಸ್, ಕೊರಕೋಬ್ರೇಕಿಯಾಲಿಸ್. ಮೂರಕ್ಕೂ ಮಸ್ಕ್ಯುಲೋಕ್ಯುಟೇನಿಯಸ್ ನರ. ಹಿಂಭಾಗದಲ್ಲಿ ಟ್ರೈಸೆಪ್ಸ್, ಅದಕ್ಕೆ ರೇಡಿಯಲ್ ನರ. ಮುಂಗೈಯ ಹಿಂಭಾಗದಲ್ಲಿ 12 ಸ್ನಾಯುಗಳಿವೆ. ಹನ್ನೆರಡಕ್ಕೂ ರೇಡಿಯಲ್ ನರ ಅಥವಾ ಅದರ ಕೊಂಬೆಗಳು, ಒಂದೂ ತಪ್ಪಿಲ್ಲ. ಮುಂಗೈಯ ಮುಂಭಾಗದಲ್ಲಿ 8 ಸ್ನಾಯುಗಳು. ಇಲ್ಲಿ ಮೀಡಿಯನ್ ನರದ ಆಳ್ವಿಕೆ, ಆದರೆ ಒಂದೂವರೆ ಸ್ನಾಯು ಮಾತ್ರ ಅಲ್ನಾರ್ ನರಕ್ಕೆ ಸೇರಿದ್ದು. ಪೂರ್ತಿ ಒಂದು ಫ್ಲೆಕ್ಸರ್ ಕಾರ್ಪೈ ಅಲ್ನಾರಿಸ್. ಅರ್ಧ ಅಂದರೆ ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್‌ನಲ್ಲಿ ಉಂಗುರ ಬೆರಳು ಮತ್ತು ಕಿರುಬೆರಳಿಗೆ ಹೋಗುವ ಭಾಗ. ಹಸ್ತದೊಳಗೆ ಇದು ತಿರುವುಮುರುವಾಗುತ್ತದೆ. ಅಲ್ಲಿ ಬಹುಪಾಲು ಅಲ್ನಾರ್‌ನದು. ಹೆಬ್ಬೆರಳಿನ ಬುಡದ ದಿಂಡಿನಲ್ಲಿರುವ ಮೂರು ಸ್ನಾಯು ಮತ್ತು ಅಂಗೈಯೊಳಗಿನ ಸಣ್ಣ ಸ್ನಾಯುಗಳಲ್ಲಿ ಮೊದಲ ಎರಡು ಲುಂಬ್ರಿಕಲ್‌ಗಳು ಮಾತ್ರ ಮೀಡಿಯನ್‌ನವು.

ತೊಡೆಯಲ್ಲೂ ಹೀಗೆಯೇ. ಮುಂದೆ ಫೀಮರಲ್, ಒಳಬದಿಗೆ ಆಬ್ಟುರೇಟರ್, ಹಿಂದೆ ಸಯಾಟಿಕ್. ಮಂಡಿಯ ಕೆಳಗೆ ಹಿಂಭಾಗಕ್ಕೆ ಟಿಬಿಯಲ್, ಮುಂದಕ್ಕೆ ಡೀಪ್ ಫಿಬ್ಯುಲಾರ್, ಹೊರಬದಿಗೆ ಸೂಪರ್‌ಫಿಶಿಯಲ್ ಫಿಬ್ಯುಲಾರ್. ಕೈಕಾಲು ಮುಗಿದೇ ಹೋಯಿತು ಅನ್ನಬಹುದು. ಉಳಿದದ್ದು ನಿಯಮಕ್ಕೆ ಹೊರತಾದವು. ಅವನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಕೇಳುವುದೂ ಹೆಚ್ಚಾಗಿ ಅವನ್ನೇ.

ಅದರಲ್ಲಿ ನನಗೆ ಬಲು ಇಷ್ಟವಾದದ್ದು ಬ್ರೇಕಿಯೋರೇಡಿಯಾಲಿಸ್. ಇದು ಮುಂಗೈಯ ಹಿಂಭಾಗದ ಗುಂಪಿನದು. ರೇಡಿಯಲ್ ನರದ ಮಗು. ಈ ನರದ ಸ್ನಾಯುಗಳೆಲ್ಲ ನೇರ ಮಾಡುವ ಕಡೆಯವು ಅಂದುಕೊಂಡರೆ ಇದು ಮೊಣಕೈಯನ್ನು ಮಡಚುತ್ತದೆ. ಯಾಕೆ? ಅದು ಮೊಣಕೈಯನ್ನು ದಾಟುವುದು ಮುಂದಿನಿಂದ. ನರ ಯಾವುದೇ ಇರಲಿ, ಕೀಲಿನ ಯಾವ ಬದಿಯಲ್ಲಿದೆ ಅನ್ನುವುದೇ ಕೆಲಸವನ್ನು ತೀರ್ಮಾನಿಸುತ್ತದೆ. ಕೈಯನ್ನು ಹೆಬ್ಬೆರಳು ಮೇಲೆ ಬರುವ ಹಾಗೆ ಮಡಚಿ, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಕೆಳಕ್ಕೆ ಒತ್ತಿ ತಡೆಯಿರಿ. ಮುಂಗೈಯ ಹೆಬ್ಬೆರಳ ಬದಿಯಲ್ಲಿ, ಮೊಣಕೈ ಹತ್ತಿರ ಏಳುವ ದಿಮ್ಮಿಯೇ ಅದು.

ಮುಖದ ಸ್ನಾಯುಗಳು ಬೇರೆ ಜಾತಿಯವು. ಅವುಗಳಲ್ಲಿ ಬಹುಪಾಲು ಒಂದು ತುದಿಯಲ್ಲಿ ಚರ್ಮಕ್ಕೆ ಅಂಟಿಕೊಂಡಿರುತ್ತವೆ, ಅದಕ್ಕೇ ನಗು, ಸಿಟ್ಟು ಮುಖದ ಮೇಲೆ ಕಾಣುವುದು. ಎಲ್ಲಕ್ಕೂ ಒಂದೇ ನರ, ಮೆದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳಲ್ಲಿ ಏಳನೆಯದು. ಅಗಿಯುವ ಸ್ನಾಯುಗಳು ಐದನೆಯದರ ಕೈಯಲ್ಲಿ. ನಾಲಿಗೆಯದೆಲ್ಲ ಹನ್ನೆರಡನೆಯದು, ಅಂಗುಳಿನಿಂದ ನಾಲಿಗೆಗೆ ಬರುವ ಪ್ಯಾಲಟೋಗ್ಲಾಸಸ್ ಒಂದನ್ನು ಬಿಟ್ಟು. ತಲೆಯ ಭಾಗಕ್ಕೆ ಇದೇ ರೀತಿ ನರದಿಂದ ಶುರು ಮಾಡಿ ಹೋದರೆ ಸುಲಭ.

ಒಂಟಿಯಾಗಿ ಯಾವುದೂ ದುಡಿಯುವುದಿಲ್ಲ

ಪುಸ್ತಕದಲ್ಲಿ ಒಂದು ಸ್ನಾಯುವಿನ ಮುಂದೆ ಒಂದು ಕೆಲಸ ಬರೆದಿರುತ್ತದೆ. ದೇಹ ಹಾಗೆ ನಡೆಯುವುದಿಲ್ಲ. ಕೈಯನ್ನು ಪಕ್ಕದಿಂದ ತಲೆಯ ಮೇಲಿನ ತನಕ ಎತ್ತುವುದನ್ನೇ ತೆಗೆದುಕೊಳ್ಳಿ. ಮುಖ್ಯವಾಗಿ ಎತ್ತುವುದು ಭುಜದ ಮೇಲಿನ ಡೆಲ್ಟಾಯ್ಡ್. ಆದರೆ ಕೈ ಕೆಳಗೆ ಇಳಿಬಿದ್ದಿರುವಾಗ ಡೆಲ್ಟಾಯ್ಡ್ ಒಂದೇ ಎಳೆದರೆ ತೋಳಿನ ಮೂಳೆ ಪಕ್ಕಕ್ಕೆ ಏಳುವ ಬದಲು ನೇರ ಮೇಲಕ್ಕೆ ಜಾರಿ ಮೇಲಿನ ಮೂಳೆಗೆ ತಾಗುತ್ತದೆ. ಎಳೆತದ ದಿಕ್ಕೇ ಹಾಗಿದೆ. ಅದನ್ನು ತಡೆಯಲು ನಾಲ್ಕು ಸಣ್ಣ ಸ್ನಾಯುಗಳು ತೋಳಿನ ಗುಂಡನ್ನು ಗುಳಿಯೊಳಗೆ ಒತ್ತಿ ಹಿಡಿಯುತ್ತವೆ. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ಇವೇ ರೊಟೇಟರ್ ಕಫ್. ಮೊದಲನೆಯದು ಕೈ ಎತ್ತುವುದಕ್ಕೂ ಸೇರಿಕೊಳ್ಳುತ್ತದೆ.

ಇಷ್ಟಾದರೂ ಕೈ ತಲೆಯ ಮೇಲಕ್ಕೆ ಹೋಗುವುದಿಲ್ಲ. 180 ಡಿಗ್ರಿಯಲ್ಲಿ ಸುಮಾರು 120 ಭುಜದ ಕೀಲಿನದು, ಉಳಿದ 60 ಹೆಗಲಮೂಳೆ ತಿರುಗುವುದರಿಂದ ಬರಬೇಕು. ಗೆಳೆಯರೊಬ್ಬರ ಬೆನ್ನ ಹಿಂದೆ ನಿಂತು, ಹೆಗಲಮೂಳೆಯ ಕೆಳತುದಿಯ ಮೇಲೆ ಹೆಬ್ಬೆರಳು ಇಟ್ಟು, ಕೈ ಎತ್ತಲು ಹೇಳಿ. ಆ ತುದಿ ನಿಮ್ಮ ಬೆರಳಡಿಯಿಂದ ಜಾರಿ ಕಂಕುಳಿನ ಕಡೆಗೆ ಹೋಗುತ್ತದೆ. ಅದನ್ನು ಎಳೆಯುತ್ತಿರುವುದು ಪಕ್ಕೆಲುಬುಗಳಿಂದ ಬಂದ ಸೆರೇಟಸ್ ಆಂಟೀರಿಯರ್, ಜೊತೆಗೆ ಬೆನ್ನಿನ ಟ್ರೆಪೀಸಿಯಸ್. ಒಂದು ಕೈ ಎತ್ತಿದ್ದರಲ್ಲಿ ಆರೇಳು ಸ್ನಾಯು ಕಲಿತ ಹಾಗಾಯಿತು. ಪಟ್ಟಿಯಿಂದ ಕಲಿಯುವುದಕ್ಕಿಂತ ಒಂದು ಚಲನೆಯಿಂದ ಕಲಿಯುವುದು ಒಳ್ಳೆಯದು ಅನ್ನುವುದು ಇದಕ್ಕೇ.

ಕಾಲಿನಲ್ಲಿ ಇನ್ನೊಂದು ತಿರುವು ಇದೆ. ಪಾದ ನೆಲಕ್ಕೆ ಊರಿದಾಗ ಕೆಳತುದಿ ಗಟ್ಟಿಯಾಗಿ ನಿಂತು ಮೇಲಿನ ಮೂಳೆ ಅಲುಗಾಡುತ್ತದೆ. ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ತೊಡೆಯನ್ನು ಹೊರಕ್ಕೆ ಎತ್ತುತ್ತದೆ ಅಂತ ಪುಸ್ತಕ ಹೇಳುತ್ತದೆ. ದಿನವಿಡೀ ಅದು ಮಾಡುವ ಕೆಲಸ ಬೇರೆ. ಸೊಂಟದ ಬಲಪಕ್ಕದಲ್ಲಿ ಬೆರಳಿಟ್ಟು ಬಲಗಾಲಿನ ಮೇಲೆ ಮಾತ್ರ ನಿಲ್ಲಿ. ಬೆರಳಡಿಯಲ್ಲಿ ಸ್ನಾಯು ಬಿಗಿಯಾಗುತ್ತದೆ. ಎತ್ತಿದ ಎಡಗಾಲಿನ ಕಡೆ ಸೊಂಟ ಕುಸಿಯದ ಹಾಗೆ ಅದು ಬಲಗಡೆಯಿಂದ ಹಿಡಿದುಕೊಂಡಿದೆ. ಪ್ರತಿ ಹೆಜ್ಜೆಗೂ ಇದೇ ಕೆಲಸ. ಅದು ಸೋತರೆ ಎತ್ತಿದ ಕಾಲಿನ ಕಡೆ ಸೊಂಟ ವಾಲುತ್ತದೆ.

ಎರಡು ಕೀಲು ದಾಟುವ ಸ್ನಾಯುಗಳನ್ನೂ ಗುರುತಿಟ್ಟುಕೊಳ್ಳಿ. ಮೀನಖಂಡದ ಗ್ಯಾಸ್ಟ್ರೋಕ್ನೀಮಿಯಸ್ ಮಂಡಿಯ ಮೇಲಿನಿಂದ ಹಿಮ್ಮಡಿಯ ತನಕ ಬರುತ್ತದೆ. ಅದರಡಿಯ ಸೋಲಿಯಸ್ ಮಂಡಿಯ ಕೆಳಗೇ ಶುರು. ಇಬ್ಬರೂ ಸೇರುವುದು ಒಂದೇ ಟೆಂಡನ್‌ಗೆ. ಮಂಡಿ ಮಡಚಿ ಕೂತು ಹಿಮ್ಮಡಿ ಎತ್ತಿದರೆ ಗ್ಯಾಸ್ಟ್ರೋಕ್ನೀಮಿಯಸ್ ಆಗಲೇ ಸಡಿಲವಾಗಿರುವುದರಿಂದ ಹೆಚ್ಚಿನ ಹೊರೆ ಸೋಲಿಯಸ್ ಮೇಲೆ ಬೀಳುತ್ತದೆ.

ನೆನಪಿನಲ್ಲಿ ಉಳಿಯಬೇಕಾದರೆ

ಅರ್ಥವಾದ ಮೇಲೂ ನೆನಪಿಡುವ ಕೆಲಸ ಇದ್ದೇ ಇರುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದುವುದು ನಮಗೆ ಹಿತವಾಗಿರುತ್ತದೆ, ಆದರೆ ಉಳಿಯುವುದು ಕಡಿಮೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅನ್ನುವ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು.

ಹಾಗಾಗಿ ಖಾಲಿ ಹಾಳೆ ತೆಗೆದುಕೊಳ್ಳಿ. ಮೂಳೆಯ ಗೀಟು ಚಿತ್ರ ಬರೆಯಿರಿ. ಚಂದ ಬೇಕಾಗಿಲ್ಲ. ಅದರ ಮೇಲೆ ಒಂದು ಕೋಣೆಯ ಸ್ನಾಯುಗಳನ್ನು ಆಳದಿಂದ ಹೊರಕ್ಕೆ, ಪದರ ಪದರವಾಗಿ ನೆನಪಿನಿಂದ ಎಳೆಯಿರಿ. ಸಿಕ್ಕಿಹಾಕಿಕೊಂಡಲ್ಲಿ ಮಾತ್ರ ಪುಸ್ತಕ ನೋಡಿ. ಮರುದಿನ ಮತ್ತೆ, ಮೂರ್ನಾಲ್ಕು ದಿನ ಬಿಟ್ಟು ಮತ್ತೆ, ಆಮೇಲೆ ವಾರಕ್ಕೊಮ್ಮೆ. ಅದೇ ಸ್ನಾಯುವನ್ನು ಮುಟ್ಟಿ ತೋರಿಸಿ, ಜೋರಾಗಿ ಹೇಳಿ. ಜೊತೆಗಾರರಿದ್ದರೆ ಇನ್ನೂ ಒಳ್ಳೆಯದು, ಒಬ್ಬರು ಚಲನೆ ಮಾಡಬೇಕು, ಇನ್ನೊಬ್ಬರು ತಡೆದು ಹಿಡಿದು ಸ್ನಾಯುವಿನ ಹೆಸರು ಹೇಳಬೇಕು.

ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನಲ್ಲಿ ಚಿತ್ರದ ಹಾಗೆಯೇ ಕಾಣಬೇಕು ಅಂತ ಕಾಯಬೇಡಿ. ದೇಹಗಳು ಒಂದೇ ಥರ ಇರುವುದಿಲ್ಲ. ಹೆಬ್ಬೆರಳು ಮತ್ತು ಕಿರುಬೆರಳಿನ ತುದಿಗಳನ್ನು ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ. ಮಣಿಕಟ್ಟಿನ ನಡುವೆ ದಾರದ ಹಾಗೆ ಎದ್ದು ಕಾಣುವುದು ಪಾಲ್ಮಾರಿಸ್ ಲಾಂಗಸ್‌ನ ಟೆಂಡನ್. ಕಾಣಲಿಲ್ಲವೇ? ನೂರಕ್ಕೆ ಸುಮಾರು 15 ಮಂದಿಗೆ ಅದು ಇರುವುದೇ ಇಲ್ಲ, ಈ ಲೆಕ್ಕ ಒಂದು ಜನಸಮುದಾಯದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಇಲ್ಲದಿದ್ದರೂ ಕೈಯ ಬಲಕ್ಕೆ ಕೊರತೆ ಆಗುವುದಿಲ್ಲ. ಅದಕ್ಕೇ ಬೇರೆ ಕಡೆ ಟೆಂಡನ್ ಕಸಿ ಮಾಡಲು ಸರ್ಜನ್ನರು ಇದನ್ನು ತೆಗೆದುಕೊಳ್ಳುತ್ತಾರೆ.

ಓದಿದ್ದು ಗಟ್ಟಿಯಾಗಿದೆಯೇ ಅಂತ ನೋಡಲು ನರ ಕಡಿದುಹೋದರೆ ಏನಾಗುತ್ತದೆ ಅಂತ ಕೇಳಿಕೊಳ್ಳಿ. ತೋಳಿನ ಮೂಳೆ ನಡುವೆ ಮುರಿದಿದೆ ಅಂದುಕೊಳ್ಳಿ. ಅಲ್ಲಿ ಮೂಳೆಯ ಹಿಂದೆ ಅಂಟಿಕೊಂಡೇ ಸಾಗುವುದು ರೇಡಿಯಲ್ ನರ. ಟ್ರೈಸೆಪ್ಸ್‌ಗೆ ಹೋಗುವ ಕೊಂಬೆಗಳು ಹೆಚ್ಚಾಗಿ ಅದಕ್ಕಿಂತ ಮೇಲೆಯೇ ಹೊರಟಿರುತ್ತವೆ, ಆದ್ದರಿಂದ ಮೊಣಕೈ ನೇರ ಮಾಡಲು ಸಾಮಾನ್ಯವಾಗಿ ಬರುತ್ತದೆ. ಮುಂಗೈಯ ಹಿಂದಿನ ಗುಂಪು ಹೋಯಿತು. ಮಣಿಕಟ್ಟು ಮೇಲೇಳುವುದಿಲ್ಲ, ಹಸ್ತ ಇಳಿಬೀಳುತ್ತದೆ. ಇಲ್ಲಿಯವರೆಗೆ ಸುಲಭ. ಈಗ ಮುಂದಿನ ಪ್ರಶ್ನೆ. ಬೆರಳು ಮಡಚುವ ಸ್ನಾಯುಗಳಿಗೆ ಮೀಡಿಯನ್ ಮತ್ತು ಅಲ್ನಾರ್ ನರ, ಅವಕ್ಕೆ ಏನೂ ಆಗಿಲ್ಲ. ಆದರೂ ಆ ರೋಗಿಯ ಹಿಡಿತ ಯಾಕೆ ಸಡಿಲ? ಉತ್ತರಕ್ಕೆ ನಿಮ್ಮ ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ ಮುಷ್ಟಿ ಬಿಗಿಹಿಡಿಯಿರಿ. ಆಗುವುದಿಲ್ಲ. ಬೆರಳಿನ ಸ್ನಾಯುಗಳು ಮಣಿಕಟ್ಟನ್ನೂ ಮುಂದಿನಿಂದ ದಾಟಿ ಹೋಗುತ್ತವೆ. ಮಣಿಕಟ್ಟು ಬಗ್ಗಿದಾಗಲೇ ಅವು ಗಿಡ್ಡವಾಗಿಬಿಟ್ಟಿರುತ್ತವೆ, ಬೆರಳನ್ನು ಎಳೆಯಲು ಇನ್ನು ಜಾಗವೇ ಉಳಿದಿರುವುದಿಲ್ಲ. ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿ ಮತ್ತೆ ಮುಷ್ಟಿ ಹಿಡಿಯಿರಿ, ಬಲ ಬರುತ್ತದೆ. ಆ ಎತ್ತುವ ಕೆಲಸ ರೇಡಿಯಲ್ ನರದ್ದು. ಅಂಥ ರೋಗಿಗೆ ಮಣಿಕಟ್ಟನ್ನು ಎತ್ತಿ ಹಿಡಿಯುವ ಪಟ್ಟಿ ಕಟ್ಟಿದರೆ ನರ ಚೇತರಿಸಿಕೊಳ್ಳುವ ಮೊದಲೇ ಹಿಡಿತ ಎಷ್ಟೋ ಸುಧಾರಿಸುವುದು ಇದೇ ಕಾರಣಕ್ಕೆ.